ಸ್ಲ್ಯಾಬ್ ದಿನ ಕೆಲಸದವರಿಗೆ ತಲೆಸುತ್ತು: ಮೇಸ್ತ್ರಿಯನ್ನು ಒಪ್ಪಿಸೋದು ಹೇಗೆ?

ಕಲಬುರಗಿ ಬಿಸಿಲಲ್ಲಿ ಸ್ಲ್ಯಾಬ್ ಹಾಕುವಾಗ ಇಬ್ಬರಿಗೆ ತಲೆಸುತ್ತು ಬಂತು, ಮೇಸ್ತ್ರಿ ಮಾತ್ರ ‘ಅವ್ರಿಗೆ ಅಭ್ಯಾಸ ಇದೆ’ ಅಂತಾರೆ, ಹೊಸ ಸೂಪರ್‌ವೈಸರ್ ಆಗಿ ಏನು ಮಾಡಲಿ ಅಂತ ಕೇಳಿದ್ದೀರಿ.

ಕೆಲಸದವರ ಎದುರಿಗೆ ಮೇಸ್ತ್ರಿ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಮುನಿಸಿಕೊಂಡು ಹೊರಟರೆ ಇಡೀ ಗ್ಯಾಂಗ್ ಹಿಂದೆಯೇ ಹೋಗುತ್ತೆ. ಹಿಂದಿನ ದಿನ ಸಂಜೆ, ಚಹಾ ಕುಡಿಯುವಾಗ, ಕಾಂಕ್ರೀಟಿನ ಮಾತೇ ತೆಗೆಯಿರಿ. ‘ಬಿಸಿಲಿಗೆ ಮಾಲು ಬೇಗ ಗಟ್ಟಿಯಾಗುತ್ತೆ, ಮೇಲೆ ಬಿರುಕು ಬೀಳುತ್ತೆ, ಬೆಳಗಿನ ಜಾವವೇ ಶುರು ಮಾಡೋಣ್ವಾ?’ ಆರೋಗ್ಯದ ಪಾಠ ಕೇಳದವರೂ ಇದನ್ನು ಕೇಳ್ತಾರೆ.

ನೀರಿನ ಡ್ರಮ್ ಕೆಳಗಿದ್ದರೆ ಯಾರೂ ಇಳಿದು ಬಂದು ಕುಡಿಯಲ್ಲ. ಕ್ಯಾನು, ಲೋಟ ಸ್ಲ್ಯಾಬ್ ಮೇಲೇ ಇಡಿಸಿ. ವೈಬ್ರೇಟರ್ (ಕಾಂಕ್ರೀಟ್ ಅದುರಿಸಿ ಕೂರಿಸೋ ಯಂತ್ರ) ಹಿಡಿದವರನ್ನು ಆಗಾಗ ಬದಲಿಸಿ. ಸೈಟಲ್ಲಿ ಶೌಚಾಲಯ ಇಲ್ಲದಿದ್ದರೆ ಹೆಂಗಸರು ಬೇಕಂತಲೇ ನೀರು ಕಮ್ಮಿ ಕುಡಿಯುತ್ತಾರೆ. ಅದನ್ನು ಅವರು ಬಾಯಿಬಿಟ್ಟು ಹೇಳಲ್ಲ, ನೀವೇ ಇಂಜಿನಿಯರ್ ಹತ್ತಿರ ಮಾತಾಡಬೇಕು.

ಯಾರಾದರೂ ತೊದಲಿದರೆ, ಅರೆಪ್ರಜ್ಞೆಗೆ ಹೋದರೆ ಸುಮ್ನೆ ಮಲಗಿಸಿ ಕಾಯಬೇಡಿ. ನೆರಳಿಗೆ ತಂದು ಮೈಮೇಲೆ ನೀರು ಹಾಕುತ್ತಾ 108ಕ್ಕೆ ಫೋನ್ ಮಾಡಿ.

ಇನ್ನೊಂದು, ಕೆಲಸದವರಿಗೆ ಲೇಬರ್ ಕಾರ್ಡ್, ಅಂದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡೋ ಗುರುತಿನ ಚೀಟಿ, ಇದೆಯಾ ವಿಚಾರಿಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಕೆಲಸ ಮಾಡಿದ್ದಕ್ಕೆ ಪತ್ರ ಬೇಕಾಗುತ್ತೆ, ಕಂಟ್ರಾಕ್ಟರ್ ಹತ್ತಿರ ಬಟವಾಡೆ ದಿನವೇ ಸಹಿ ಹಾಕಿಸಿಕೊಡಿ.