ಭೂಗೋಳದಲ್ಲಿ ಪಿಎಚ್‌ಡಿ: ರಾಯಚೂರಿನಲ್ಲೇ ಇದ್ದು ಮಾಡಬಹುದಾ?

ಭೂಗೋಳದಲ್ಲಿ ಎಂ.ಎ. ಮುಗಿದಿದೆ, ರಾಯಚೂರು ಬಿಡದೆ ಪಿಎಚ್‌ಡಿ ಮಾಡಬಹುದಾ, ಯಾವ ವಿಷಯ ಆರಿಸಲಿ ಅಂತ ಕೇಳಿದ್ದೀರಿ. ಮಾಡಬಹುದು.

ಅರ್ಹತೆ ದೊಡ್ಡ ಮಾತಲ್ಲ. ಎಂ.ಎ.ಯಲ್ಲಿ ಶೇ. 55 ಬೇಕು, ಮೀಸಲಾತಿ ಇದ್ದವರಿಗೆ ಶೇ. 50. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ವಿ.ವಿ.ಯ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಅವಧಿ 3ರಿಂದ 6 ವರ್ಷ. ನೆಟ್‌ನಲ್ಲಿ ಹೆಚ್ಚು ಅಂಕ ತೆಗೆದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಹಾಗಾಗಿ ಮೊದಲು ಅದಕ್ಕೇ ಓದಿ.

ಜಾಸ್ತಿ ಜನ ಎಡವುವುದು ಗೈಡ್ (ಮಾರ್ಗದರ್ಶಕರು) ಮತ್ತು ವಿಷಯದ ಆಯ್ಕೆಯಲ್ಲಿ. ಒಬ್ಬ ಪ್ರೊಫೆಸರ್ ಒಂದು ಸಲಕ್ಕೆ ಹೆಚ್ಚೆಂದರೆ 8 ಜನ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು, ಸಹಾಯಕ ಪ್ರಾಧ್ಯಾಪಕರಾದರೆ 4. ಅರ್ಜಿಗೆ ಮುಂಚೆಯೇ ಸೀಟು ಖಾಲಿ ಇದೆಯಾ ವಿಚಾರಿಸಿ.

ವಿಷಯಕ್ಕೆ ದೂರ ಹೋಗಬೇಡಿ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ ಕಡೆ ಭತ್ತದ ಗದ್ದೆ ತುಂಬಿಸಿ, ಮಾನ್ವಿ ದಾಟುವಷ್ಟರಲ್ಲಿ ಸೊರಗಿರುತ್ತದೆ. ನೀರು ಹೆಚ್ಚಾದ ಕಡೆ ಹೊಲ ಸವಳಾಗಿ, ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಮೇಲೇಳುತ್ತದೆ. ಒಂದೇ ಕಾಲುವೆ, ಎರಡು ಗೋಳು! ಇದನ್ನೇ ವಿಷಯ ಮಾಡಿಕೊಳ್ಳಿ. 1972ರಿಂದೀಚಿನ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಅವುಗಳಿಂದ ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಕೂಡ ಪುಕ್ಕಟೆ. ಸುಮ್ನೆ ‘ರಾಯಚೂರು ಜಿಲ್ಲೆಯ ಕೃಷಿ: ಒಂದು ಅಧ್ಯಯನ’ ಅಂತ ಹೋದರೆ ಸಂದರ್ಶನದ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಏಪ್ರಿಲ್‌ನಲ್ಲಿ ಮಣ್ಣಿನ ಮಾದರಿ ತೆಗೆಯುವುದಾದರೆ ಬೆಳಗ್ಗೆ ಹತ್ತರೊಳಗೆ ಮುಗಿಸಿಕೊಳ್ಳಿ, ನಮ್ಮ ಬಿಸಿಲು ಗೊತ್ತಲ್ವಾ?