375 ಬರೆದ ಮಗು ಏನು ಮಾಡಿದೆ?

ಪ್ರಶ್ನೆ: ಐದನೇ ತರಗತಿಯಲ್ಲಿ 32 ಮಕ್ಕಳಿದ್ದಾರೆ. ಎಫ್‌ಎ-1ರಲ್ಲಿ (ವರ್ಷದ ಮೊದಲ ರೂಪಣಾತ್ಮಕ ಪರೀಕ್ಷೆ) ಹತ್ತು ಕಳೆಯುವ ಲೆಕ್ಕ ಕೊಟ್ಟರೆ ಅರ್ಧ ಜನಕ್ಕೆ ನಾಲ್ಕೈದು ಅಂಕ. ವಾರವಿಡೀ ಮತ್ತೆ ಕಲಿಸಿದರೂ ಅದೇ ತಪ್ಪು. ಅಂಕಪಟ್ಟಿ ನೋಡಿ ಮುಂದಿನ ಪಾಠ ಹೇಗೆ ನಿರ್ಧರಿಸಲಿ?
– ಶಿಕ್ಷಕಿ, ಇಂಡಿ ತಾಲ್ಲೂಕು

ಉತ್ತರ: ಅಂಕಪಟ್ಟಿ ಪಕ್ಕಕ್ಕಿಡಿ, ಉತ್ತರಪತ್ರಿಕೆ ತೆಗೆಯಿರಿ. 587 − 243ರಂಥ, ಪಕ್ಕದ ಸ್ಥಾನದಿಂದ ದಶಕ ತರಬೇಕಿಲ್ಲದ ಲೆಕ್ಕಗಳೂ ಬೆರೆತಿದ್ದರೆ ದಶಕ ತರಲು ಬಾರದ ಮಗುವಿಗೂ ನಾಲ್ಕು ಅಂಕ ಬಂದೇ ಬರುತ್ತದೆ.

503 − 278 ಕೊಡಿ. ಸರಿ ಉತ್ತರ 225. 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ. ಕೇಳಿ ನೋಡಿ: "ಮೂರರಾಗ ಎಂಟು ಹೋಗಂಗಿಲ್ರಿ ಅಕ್ಕೋರ, ಅದಕ್ಕ ಎಂಟರಾಗ ಮೂರು ಕಳದೆ" ಅನ್ನುತ್ತದೆ. 325 ಬಂದರೆ ಸೊನ್ನೆಯನ್ನು 9 ಮಾಡಿದೆ, ಆದರೆ 5ನ್ನು 4 ಮಾಡಿಲ್ಲ. 275 ಆದರೆ ಸೊನ್ನೆಯನ್ನು ಹಾರಿ ನೂರರ ಮನೆಯಿಂದಲೇ ತಂದು, ನಡುವೆ ಸುಮ್ಮನೆ 7 ಇಳಿಸಿದೆ. 781 ಆದರೆ ಕೂಡಿಸಿಬಿಟ್ಟಿದೆ. ಆ ಮಗುವಿಗೆ ಪಾಠ ಬೇಡ, ಚಿಹ್ನೆಗೆ ಸುತ್ತು ಹಾಕಿಸಿದರೆ ಸಾಕು.

ಇಂಥ ತಪ್ಪುಗಳಲ್ಲಿ ಬಹಳಷ್ಟು ಅಲಕ್ಷ್ಯದವಲ್ಲ, ತಪ್ಪು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಬಂದವು ಎಂದು ಅಮೆರಿಕದ ಸಂಶೋಧಕರಾದ ಬ್ರೌನ್ ಮತ್ತು ಬರ್ಟನ್ 1978ರಲ್ಲೇ ತೋರಿಸಿದ್ದರು. ಆದರೂ ಒಂದೇ ಲೆಕ್ಕ ನಂಬಬೇಡಿ. 602 − 347, 804 − 356 ಕೂಡ ಕೊಡಿ. ಮೂರರಲ್ಲಿ ಎರಡು ಕಡೆ ಒಂದೇ ಬಗೆಯ ತಪ್ಪಿದ್ದರೆ ಅದು ನಿಯಮವೇ. ರಬ್ಬರ್ ಕೊಡಬೇಡಿ, ಅಡ್ಡಗೀಟು ಹಾಕಲಿ. ಅಳಿಸಿದರೆ ನಿಮಗೆ ಬೇಕಾದದ್ದೇ ಹೋಯಿತು. ಪಕ್ಕಪಕ್ಕ ಕೂತವರಿಗೆ ಬೇರೆ ಸಂಖ್ಯೆ ಕೊಡಿ.

ಪತ್ರಿಕೆಗಳನ್ನು ತಪ್ಪಿನ ಪ್ರಕಾರ ಗುಂಪು ಮಾಡಿ. 375ರ ಗುಂಪಿಗೆ ಸೊನ್ನೆಯಿಲ್ಲದ 52 − 27ರಿಂದ ಶುರು ಮಾಡಿ: ಜೋಳದ ದಂಟಿನ ತುಂಡುಗಳು, ಹತ್ತರ ಐದು ಕಟ್ಟು, ಬಿಡಿ ಎರಡು. ಕಟ್ಟು ಮಗುವೇ ಬಿಚ್ಚಬೇಕು, ಬಿಚ್ಚಿದ ಕೂಡಲೇ ಪಾಟಿಯ ಮೇಲೆ 5 ಹೊಡೆದು 4 ಬರೆಯಬೇಕು. ಕಡ್ಡಿ ಆಟ ಮುಗಿಸಿ ಆಮೇಲೆ ಬರೆಸಿದರೆ ಎರಡಕ್ಕೂ ನಂಟು ಕಾಣದು. ಕಡ್ಡಿ ಪಾಠ ಸೋಲುವುದು ಹೆಚ್ಚಾಗಿ ಇಲ್ಲೇ.

325, 275ರವರಿಗೆ ಆಟದ ನೋಟು ಸಾಕು. ನೂರರ ಐದು, ಒಂದು ರೂಪಾಯಿಯ ಮೂರು ನಾಣ್ಯ. 278 ಕೊಡಲು ನೂರನ್ನು ಹತ್ತರ ಹತ್ತು ನೋಟಾಗಿ ಮುರಿಸಿ, ಅದರಲ್ಲೊಂದನ್ನು ಮತ್ತೆ ಚಿಲ್ಲರೆ ಮಾಡಿಸಬೇಕು. ಈಗ, 278 ಕೊಡುವ ಮೊದಲು, ಕೈಯಲ್ಲಿರುವುದು ನೂರರ 4, ಹತ್ತರ 9, ಒಂದರ 13.

ಆ ದಿನವೇ ಸರಿ ಮಾಡಿದರೆ ಕಲಿತಂತೆ ಅಲ್ಲ. ಎರಡು ದಿನ ಬಿಟ್ಟು ಎರಡು ಲೆಕ್ಕ, ಎರಡು ವಾರ ಬಿಟ್ಟು ಇನ್ನೆರಡು, ಬೇರೆ ಸಂಖ್ಯೆಗಳಲ್ಲಿ. ಅಷ್ಟರಲ್ಲಿ ಉಳಿದ ಮಕ್ಕಳನ್ನು ಮುಂದಿನ ಪಾಠಕ್ಕೆ ಕರೆದೊಯ್ಯಿರಿ.