ಮೊಣಕಾಲಿಗೆ ಇನ್ನೊಂದು ಎಂಆರ್‌ಐ ಬೇಕಾ?

ಪ್ರಶ್ನೆ: ನನಗೆ 24 ವರ್ಷ. ಕಬಡ್ಡಿ ಆಡುವಾಗ ಮೊಣಕಾಲು ತಿರುಚಿ ‘ಟಪ್’ ಅಂತ ಸದ್ದಾಯಿತು, ರಾತ್ರಿಯೊಳಗೆ ಊದಿಕೊಂಡಿತು. 1.5 ಟೆಸ್ಲಾ ಎಂಆರ್‌ಐ ರಿಪೋರ್ಟಿನಲ್ಲಿ ‘ಎಸಿಎಲ್ ಭಾಗಶಃ ಹರಿದಿರಬಹುದು’ ಅಂತಿದೆ (ಎಸಿಎಲ್ ಅಂದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಗಟ್ಟಿ ನಾರುಪಟ್ಟಿ). 3 ಟೆಸ್ಲಾದಲ್ಲಿ ಮತ್ತೆ ಮಾಡಿಸು ಅಂತಾರೆ ಗೆಳೆಯರು. ಮಾಡಿಸಲಾ?

ಉತ್ತರ: ಸುಮ್ನೆ ದುಡ್ಡು ಸುರಿಯಬೇಡಿ, ಮೊದಲು ಮೂಳೆ ಡಾಕ್ಟರಿಗೆ ಕಾಲು ತೋರಿಸಿ. ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ. ಅದು ಜಾಸ್ತಿಯಾದರೆ ಚಿತ್ರ ಸೂಕ್ಷ್ಮವಾಗಿ ಬರುತ್ತದೆ, ನಿಜ. ಆದರೆ ಎಸಿಎಲ್ ಪೂರ್ತಿ ಹರಿದಿದ್ದರೆ 1.5ರಲ್ಲೂ ಚೆನ್ನಾಗಿಯೇ ಗೊತ್ತಾಗುತ್ತದೆ. ತಲೆನೋವು ಇರುವುದು ನಿಮ್ಮಂಥ ಅರೆಬರೆ ಹರಿದ ಕೇಸಿನಲ್ಲೇ. ಈ ಲಿಗಮೆಂಟಿಗೆ ಎರಡು ಎಳೆಕಟ್ಟುಗಳಿವೆ, ತೊಡೆಮೂಳೆಯಿಂದ ಕೆಳಗಿನ ಮೂಳೆಗೆ ಅವು ಓರೆಯಾಗಿ ಇಳಿಯುತ್ತವೆ. ಮಾಮೂಲಿ ನೇರ ಸ್ಲೈಸಿನಲ್ಲಿ (ಸ್ಕ್ಯಾನ್ ತೆಗೆಯುವ ಒಂದೊಂದು ಪದರದ ಚಿತ್ರದಲ್ಲಿ) ಇಲ್ಲೊಂದು ತುಂಡು ಅಲ್ಲೊಂದು ತುಂಡು ಕಾಣಬಹುದು; ಲಿಗಮೆಂಟಿನ ಓರೆಗೇ ಹೊಂದಿಸಿ ತೆಳುವಾಗಿ ತೆಗೆದರೆ, ಇಲ್ಲವೇ 3ಡಿ ಸ್ಕ್ಯಾನ್ ಮಾಡಿದರೆ, ಯಾವ ಕಟ್ಟು ಉಳಿದಿದೆ ಅಂತ ಹೇಳುವುದು ಸುಲಭ. ಮತ್ತೆ ಮಾಡಿಸುವುದೇ ಆದರೆ ‘ಎಷ್ಟು ಟೆಸ್ಲಾ’ ಅನ್ನುವುದರ ಜೊತೆಗೆ ‘ಓರೆ ಸ್ಲೈಸ್ ತೆಗೀತೀರಾ’ ಅಂತಲೂ ಕೇಳಿ.

ಆದರೂ ಇದು ಅಲುಗಾಡದೆ ಮಲಗಿದ ಕಾಲಿನ ಚಿತ್ರ, ಅಲ್ವಾ? ಕೀಲು ಎಷ್ಟು ಸಡಿಲವಾಗಿದೆ ಅಂತ ಅದು ನೇರವಾಗಿ ತೋರಿಸುವುದಿಲ್ಲ. ಮೊಣಕಾಲನ್ನು 20–30 ಡಿಗ್ರಿ ಮಡಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡುವ ಲಾಕ್‌ಮನ್ ಪರೀಕ್ಷೆ ಅದಕ್ಕೇ ಇರುವುದು. ಊತ, ನೋವು ಇಳಿದ ಮೇಲೆ ಮಾಡಿದರೆ ಉತ್ತರ ಸ್ಪಷ್ಟ. ಆಪರೇಷನ್ ಬೇಕೋ ಬೇಡವೋ ಅನ್ನುವುದಕ್ಕೆ, ತಿರುಗುವಾಗ ಮೊಣಕಾಲು ಜಾರಿದಂತಾಗುತ್ತದಾ, ನೀವು ಮತ್ತೆ ಕಬಡ್ಡಿ ಆಡುತ್ತೀರಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯವರೆಗೆ ಅಂಕಣಕ್ಕೆ ಇಳಿಯಬೇಡಿ. ಕಾಲು ಮಡಿಸಿದಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ ಮಾತ್ರ ಕಾಯಬೇಡಿ, ಹರಿದ ಮೆನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವೆ ಇರುವ ಮೆತ್ತೆ) ಅಡ್ಡ ಸಿಕ್ಕಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.